ಎರಡು ಕಡೆ ಇದ್ದ ತಾಂಡಾ

ಗೋಡೆಯ ಮೇಲೆ ಎಲ್ಲವೂ ಇತ್ತು. ಘಟ್ಟವಿತ್ತು, ಅದರ ಎತ್ತರ ತೋರಿಸುವ ಕಂದು ಗೆರೆಗಳು ಒಂದಕ್ಕೊಂದು ತಾಗದ ಹಾಗೆ ಸುತ್ತು ಹಾಕಿದ್ದವು, ನೀಲಿ ಹಳ್ಳಗಳು ಕಾಳಿ ನದಿಯನ್ನು ಹುಡುಕಿಕೊಂಡು ಹೊರಟಿದ್ದವು. ನಟ್ಟನಡುವೆ ಕಾತಳಘಾಟ್ ಜಂಕ್ಷನ್ನು, ಅಲ್ಲಿಂದ ಗೋವೆಯ ಕಡೆ ಇಳಿಯುವ ಕರಿ ಹಳಿ, ಸುರಂಗಗಳು, ಹಳೇ ಎಂಜಿನ್ನುಗಳಿಗೆ ನೀರು ತುಂಬುತ್ತಿದ್ದ ಟಾಕಿ, ಸಾಹೇಬರ ಬಂಗಲೆ. ಸಾಹೇಬರ ಕುದುರೆ ಲಾಯ ಕೂಡ ಇತ್ತು. ಆದರೆ ಅಟ್ಟಣಿಗೆಯ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ರೀನಾಳ ಕಣ್ಣಿಗೆ ಬೀಳುತ್ತಿದ್ದದ್ದು ಇಲ್ಲದ ಜಾಗ ಮಾತ್ರ. ಸ್ಟೇಶನ್ನಿನ ಪಡುವಣಕ್ಕೆ ಒಂದು ಅಂಗೈಯಗಲ, ಮೂಡಣಕ್ಕೆ ಇನ್ನೊಂದು ಅಂಗೈಯಗಲ. ಎರಡನ್ನೂ ಅವಳೇ ತಿಳಿಹಸಿರು ಬಳಿದು ಮುಚ್ಚಿದ್ದಳು. ಅಲ್ಲೇನೋ ಬರೆದಿತ್ತು ಅನ್ನುವುದು ಹಡೆದವ್ವನಿಗೂ ಗೊತ್ತಾಗದಷ್ಟು ಚೊಕ್ಕ ಕೆಲಸ. ಹಾಳಾದ ಕೈ, ಬೇಕಾದಾಗ ನಡುಗುತ್ತದೆ, ಇಂಥ ಹಲ್ಕಾ ಕೆಲಸಕ್ಕೆ ಮಾತ್ರ ನೆಟ್ಟಗಿರುತ್ತದೆ ಎಂದು ತನ್ನ ಬಲಗೈಯನ್ನೇ ಬೈದುಕೊಂಡಳು. 

ಕೆಳಗೆ ಜ್ಯೋತಿಬಾ ವಾರ್ನಿಶ್ ಡಬ್ಬಿಯ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಮೀಟುತ್ತಿದ್ದ. ಜೋಯಿಡಾ ಕಡೆಯ ಪೇಂಟರ್, ಮಾತು ಕಡಿಮೆ, ಬೀಡಿ ಜಾಸ್ತಿ. "ಮೇಡಮ್, ಇದ ಒಮ್ಮಿ ಹಚ್ಚಿದ್ರ ಮುಗೀತು ನೋಡ್ರಿ. ಆಮೇಲೆ ಏನರ ತಿದ್ದೂದು ಅಂದ್ರ ಗ್ವಾಡಿನ ಕೆತ್ತಬೇಕ," ಎಂದು ಅವನು ಬೆಳಿಗ್ಗೆಯಿಂದ ಮೂರನೇ ಸಲ ಹೇಳಿದ. ಅವನೇನೂ ಚುಚ್ಚಿ ಹೇಳಿದ್ದಲ್ಲ, ಕಸುಬಿನವನ ಮಾತು. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ರೀನಾ ಕುತ್ತಿಗೆ ಒರೆಸಿಕೊಂಡಳು. ಸಂಜೆ ವಾರ್ನಿಶ್, ನಾಳೆ ಬೆಳಿಗ್ಗೆ ದೊಡ್ಡವರು ಬಂದು ರಿಬ್ಬನ್ ಕತ್ತರಿಸುತ್ತಾರೆ. ಪಾಳು ಬಿದ್ದಿದ್ದ ಗೂಡ್ಸ್ ಶೆಡ್ಡನ್ನು ತೊಳೆದು, ಸುಣ್ಣ ಹೊಡೆದು 'ನಕ್ಷೆಮನೆ' ಅಂತ ಹೆಸರಿಟ್ಟಿದ್ದರು. ಹಳಿ ಹಾಕಿದ ಕಾಲದಲ್ಲಿ ಈ ಘಟ್ಟವನ್ನು ಅಳೆದು ತೆಗೆದ ಟೋಪೋ ಶೀಟು ಎಲ್ಲಿಂದಲೋ ಸಿಕ್ಕಿತ್ತು. ಅದನ್ನು ಇಡೀ ಗೋಡೆಗೆ ದೊಡ್ಡದಾಗಿ ಇಳಿಸುವ ಕೆಲಸ ದಾಂಡೇಲಿಯ ಲೋಕೇಶನ ಡ್ರಾಯಿಂಗ್ ಆಫೀಸಿಗೆ ಬಂತು. ಲೋಕೇಶನ ಆಫೀಸು ಅಂದರೆ ಲೋಕೇಶ, ಒಂದು ಕಂಪ್ಯೂಟರು, ಮತ್ತು ರೀನಾ. ಸೈಟುಗಳ ಲೇಔಟು, ತೋಟದ ಹದ್ದುಬಸ್ತು ಬರೆದೂ ಬರೆದೂ ಬೇಸತ್ತಿದ್ದ ಅವಳಿಗೆ ಮೊದಲ ದಿನ ಆ ಹಳೇ ಶೀಟನ್ನು ಬಿಚ್ಚಿದಾಗ ಎದೆ ಝಲ್ಲೆಂದಿತ್ತು. ಇಷ್ಟು ಪ್ರೀತಿಯಿಂದ ಗುಡ್ಡ ಬರೆಯುವವರೂ ಇದ್ದರೇ ಅನ್ನಿಸಿತ್ತು.

ಝಲ್ಲೆಂದದ್ದು ಗುಡ್ಡಕ್ಕಷ್ಟೇ ಅಲ್ಲ. ಶೀಟಿನ ಪಡುವಣದಲ್ಲಿ, ಹಳಿಯ ಪಕ್ಕ, ಸೊಳ್ಳೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ತುಳಜಪ್ಪ ನಾಯ್ಕ ತಾಂಡಾ ಅಂತ ಇತ್ತು, ಜೊತೆಗೆ ಗುಡಿಸಲಿನ ಕೆಂಪು ಚುಕ್ಕೆಗಳು. ಮೂಡಣದಲ್ಲಿ ಮತ್ತೆ ಅದೇ, ತುಳಜಪ್ಪ ನಾಯ್ಕ ತಾಂಡಾ, ಅವೇ ಕೆಂಪು ಚುಕ್ಕೆ. ಮುಂಡಗೋಡ ತಾಲೂಕಿನಲ್ಲಿ ಇಂದೂರದ ಆಚೆ, ಅವಳು ಹುಟ್ಟಿ ಬೆಳೆದ, ಅವಳ ಅವ್ವ ರೂಪಿಬಾಯಿ ಇವತ್ತಿಗೂ ಗೋವಿನಜೋಳ ಬೆಳೆಯುವ ತಾಂಡಾದ ಹೆಸರೂ ಅದೇ. ಬಸ್ಸಿನ ಬೋರ್ಡಿನಲ್ಲಿಲ್ಲ, ಆದರೆ ರೇಶನ್ ಕಾರ್ಡಿನಲ್ಲಿ ಇದೆ. ಆ ದಿನ ಅವಳು ಶೀಟಿನ ಮೇಲೆ ಬಗ್ಗಿದವಳು ಏಳಲೇ ಇಲ್ಲ. ಅಲ್ಲಾ, ಇಲ್ಲಿ ಏನು ಮಾಡುತ್ತಿದ್ದಿರಿ ನೀವು, ಇಷ್ಟು ದೂರ, ಇಷ್ಟು ಎತ್ತರದಲ್ಲಿ ಎಂದು ಆ ಚುಕ್ಕೆಗಳನ್ನು ಕೇಳಬೇಕೆನಿಸಿತ್ತು. ಕೇಳುವುದೇನು ಬಂತು, ಗೊತ್ತೇ ಇತ್ತು. ಎತ್ತಿನ ಬೆನ್ನ ಮೇಲೆ ಗೋಣಿ ಹೇರಿ ಗೋವೆಯ ಉಪ್ಪನ್ನು ಘಟ್ಟ ಹತ್ತಿಸುತ್ತಿದ್ದ ಮಂದಿ, ಅದನ್ನು ಲದೇಣಿ ಅನ್ನುತ್ತಿದ್ದರು. ರೈಲು ಬಂತು, ಉಪ್ಪು ರೈಲು ಹತ್ತಿತು, ಎತ್ತುಗಳನ್ನು ಮಾರಿಕೊಂಡರು, ಆ ರೈಲಿನ ಹಳಿಗೇ ಜಲ್ಲಿ ಒಡೆಯಲು ಕೂತರು. ಅವ್ವ ಲಂಗಕ್ಕೆ ಕನ್ನಡಿ ಹೊಲಿಯುತ್ತ ಹೇಳುತ್ತಿದ್ದ ಕತೆಯಲ್ಲಿ ಯಾವಾಗಲೂ ಇಲ್ಲಿಗೆ ಬಂದಾಗ ಸೂಜಿ ನಿಲ್ಲುತ್ತಿತ್ತು. ಯಾಕೆ ನಿಲ್ಲುತ್ತಿತ್ತೋ, ದಾರ ಮುಗಿದಿರುತ್ತಿತ್ತೇನೋ.

"ಏನವಾ, ಒಂದ ಊರು ಎರಡು ಕಡೆ ಬರದಾರಲಾ ಇವರು?" ಎಂದು ಮೂರು ವಾರದ ಹಿಂದೆ ಕೇಳಿದ್ದು, ಗೋಡೆಯ ಹೆಸರುಗಳನ್ನು ಶೀಟಿಗೆ ತಾಳೆ ನೋಡುತ್ತಿದ್ದ ಬಸಲಿಂಗಯ್ಯ ಸರ್. ಹಳಿಯಾಳದ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ನಕ್ಷೆಮನೆಗೆ ಸಲಹೆಗಾರರು, ಕನ್ನಡದಲ್ಲಿ ಊರಿನ ಹೆಸರು ಬರೆಸುವ ಹೊಣೆ ಅವರದು. ಕೆಟ್ಟವರಲ್ಲ. ಊಟದ ಡಬ್ಬಿಯಿಂದ ಶೇಂಗಾ ಹೋಳಿಗೆ ಮುರಿದು ಅವಳ ಕೈಗೆ ಹಾಕುವವರು. "ಇದು ಲಂಬಾಣಿ ತಾಂಡಾ ಅಲ್ಲೇನು? ನಿನಗ ಗೊತ್ತಿರಬೇಕಲಾ?" ಎಂದು ಅವರು ಭೂತಗನ್ನಡಿ ಹಿಡಿದುಕೊಂಡೇ ಕೇಳಿದ್ದರು. ಪಕ್ಕದಲ್ಲಿ ಲೋಕೇಶ ಇದ್ದ, ರೈಲ್ವೆಯ ಇಬ್ಬರು ಇದ್ದರು, ಎಲ್ಲರೂ ಅವಳ ಮುಖ ನೋಡಿದರು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತು. ಶಾಲೆಯಲ್ಲಿ 'ಯಾವ ಊರು?' ಅಂದಾಗ ತಾಂಡಾ ಅನ್ನದೆ ಇಂದೂರ ಅಂದಳಲ್ಲ, ಆಗ ಮಾಸ್ತರರು 'ಇಂದೂರದಾಗ ಯಾರ ಮನಿ?' ಅಂತ ಮತ್ತೆ ಕೇಳಿ ಹೀಗೇ ನೋಡಿದ್ದರು. ಕಿವಿ ಬಿಸಿಯಾಯಿತು. ನಾಲಿಗೆ ತಾನಾಗಿ ಹೊರಳಿತು: "ನನಗ ಗೊತ್ತಿಲ್ರಿ ಸರ್. ಸರ್ವೇದವರ ತಪ್ಪಿರಬೇಕು." ಬಸಲಿಂಗಯ್ಯ ಸರ್ ತಲೆಯಾಡಿಸಿ, "ಹಂಗಾರ ಎರಡೂ ತಗದ ಬಿಡೂಣು. ಅನುಮಾನದ್ದು ಯಾಕ ಬೇಕು," ಅಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇವಳ ಮಾತು ಹೋಗುವಾಗ ಒಂದು ತಾಂಡಾವನ್ನೇ ಕಟ್ಟಿಕೊಂಡು ಹೋಯಿತು.

ತಪ್ಪಲ್ಲ ಅನ್ನುವುದು ಅವಳಿಗೆ ಆ ಕ್ಷಣವೇ ಗೊತ್ತಿತ್ತು, ಅದೇ ಈಗ ಉರಿಯುತ್ತಿರುವುದು. ಶೀಟಿನ ಅಂಚಿನಲ್ಲೇ ಬರೆದಿತ್ತು, ಪಡುವಣ ಅರ್ಧವನ್ನು ಒಂದು ಚಳಿಗಾಲದಲ್ಲಿ ಅಳೆದದ್ದು, ಮೂಡಣ ಅರ್ಧವನ್ನು ಮುಂದಿನ ಚಳಿಗಾಲದಲ್ಲಿ. ಮಳೆಗಾಲದಲ್ಲಿ ಈ ಘಟ್ಟದಲ್ಲಿ ದುರ್ಬೀನಿಗೆ ಏನು ಕಂಡೀತು, ಮಂಜು ಬಿಟ್ಟರೆ? ಎರಡು ಅರ್ಧಗಳ ಹೊಲಿಗೆ ಸರಿಯಾಗಿ ಸ್ಟೇಶನ್ನಿನ ನಡುವೆ ಹಾಯುತ್ತಿತ್ತು. ಮೊದಲ ವರ್ಷ ತಾಂಡಾ ಹೊಲಿಗೆಯ ಈಚೆ, ಪಡುವಣದಲ್ಲಿ ಇತ್ತು. ಜಲ್ಲಿ ಒಡೆಯುವ ಜಾಗ ಸರಿಯಿತು, ತಾಂಡಾವೂ ಸರಿಯಿತು, ಮುಂದಿನ ವರ್ಷ ಸರ್ವೇದವರು ಬಂದಾಗ ಹೊಲಿಗೆಯ ಆಚೆ, ಮೂಡಣದಲ್ಲಿ ಇತ್ತು. ಬೇರೆ ಊರಿನವರಾಗಿದ್ದರೆ ಹೊಸ ಜಾಗಕ್ಕೆ ಹೊಸ ಹೆಸರು ಬರುತ್ತಿತ್ತು, ಹಳೆಯದು ಹಳೇ ಜಾಗದಲ್ಲೇ ಉಳಿಯುತ್ತಿತ್ತು. ಇವರದು ಹಾಗಲ್ಲ. "ತಾಂಡಾಕ್ಕ ಮಣ್ಣಿನ ಹೆಸರಿಲ್ಲ ಛೋರಿ, ನಾಯ್ಕನ ಹೆಸರು. ನಾಯ್ಕ ಎಲ್ಲಿ ಗೋಣಿ ಇಳಿಸಿದಾ, ಊರು ಅಲ್ಲಿ," ಅನ್ನುತ್ತಿದ್ದಳು ಅವ್ವ. ನಾಯ್ಕ ಸತ್ತು ಎಷ್ಟು ತಲೆಮಾರು ಉರುಳಿದರೂ ಹೆಸರು ಬಿಡಲಿಲ್ಲ, ಹೊತ್ತುಕೊಂಡೇ ಮುಂಡಗೋಡದವರೆಗೆ ಬಂದರು. ಪುಸ್ತಕದ ವಿದ್ಯೆಯಲ್ಲ ಇದು, ತಾಂಡಾದ ಕೋಳಿಗೂ ಗೊತ್ತು. ಆ ದಿನ ಬಾಯಿಬಿಟ್ಟು ಇಷ್ಟೇ ಹೇಳಿದ್ದರೆ ಆಗುತ್ತಿತ್ತು. ಹೇಳಿದ್ದರೆ 'ಓಹೋ ನಿಮ್ಮದೇನು?' ಅನ್ನುತ್ತಿದ್ದರು. ಅನ್ನಲಿ! ಅಂದರೆ ಏನು ಮೈಮೇಲಿನ ಚರ್ಮ ಉದುರುತ್ತಿತ್ತೇ? ಹೀಗೆ ಮೂರು ವಾರಗಳಿಂದ ತನಗೆ ತಾನೇ ಜಗಳಾಡುತ್ತ, ಗೆದ್ದರೂ ಸೋತರೂ ತಾನೇ ಆಗಿ, ಅವಳಿಗೆ ಸುಸ್ತಾಗಿತ್ತು.

ಶೆಡ್ಡಿನ ನೆಲ ಅದುರಿತು. ಕಲ್ಲಿದ್ದಲ ಗಾಡಿ ಘಟ್ಟ ಹತ್ತುತ್ತಿತ್ತು, ಮುಂದೆ ಎಳೆಯುವ ಎಂಜಿನ್ನುಗಳು, ಹಿಂದೆ ತಳ್ಳುವ ಎಂಜಿನ್ನುಗಳು, ಮಾತಾಡಿದರೆ ಕೇಳದಷ್ಟು ಸದ್ದು. ಹಲಗೆ ಗಡಗಡ ಅಂದಿತು, ಬಣ್ಣದ ಬಟ್ಟಲಲ್ಲಿ ಕೆಂಪು ಅಲುಗಾಡಿತು. ಕೆಂಪನ್ನು ಅವಳು ಬೆಳಿಗ್ಗೆಯೇ ಕಲೆಸಿಟ್ಟಿದ್ದಳು. ಯಾಕೆ ಕಲೆಸಿದೆ ಎಂದು ಯಾರಾದರೂ ಕೇಳಿದ್ದರೆ ಬಂಗಲೆಯ ಮೂಲೆ ಮಾಸಿದೆ, ಅದಕ್ಕೆ ಅನ್ನುತ್ತಿದ್ದಳು. ಯಾರೂ ಕೇಳಲಿಲ್ಲ. ಗಾಡಿಯ ಕೊನೆಯ ಡಬ್ಬಿ ದಾಟಿ ಸದ್ದು ಇಳಿಯುವಾಗ ಬಾಗಿಲಲ್ಲಿ ಲೋಕೇಶ ನಿಂತಿದ್ದ, ಬಿಳಿ ಅಂಗಿ, ಎರಡು ಕೈಯಲ್ಲೂ ಫೋನು. "ನಿಮ್ಮ ಅವ್ವ ಹೊಂಟಾಳಿಲ್ಲೋ? ಡ್ರೆಸ್ಸು ಮರ್ತಾಳ ಮತ್ತ!"

ಡ್ರೆಸ್ಸಿನ ವಿಷಯ ಹೀಗಿತ್ತು. ಹೋದ ವಾರ ಲೋಕೇಶ, ನಾಳಿನ ಕಾರ್ಯಕ್ರಮದಲ್ಲಿ ದೊಡ್ಡವರಿಗೆ ಆರತಿ ಎತ್ತಲು ಲಂಬಾಣಿ ವೇಷದ ಹೆಣ್ಣುಮಗಳು ಬೇಕು ಅಂದಿದ್ದ. "ನೀನ ಉಟಗೊಂಡ ಬಾ. ಫೋಟೋ ಭಾಳ ಚಂದ ಬರತಾವು. ಇಲ್ಲಾಂದ್ರ ನೋಡು, ನಿನ್ನ ನೋಡಿದ್ರ ಲಮಾಣ್ಯಾರಾಕಿ ಅಂತ ಅನಸೂದ ಇಲ್ಲ." ಹೊಗಳಿಕೆ ಅಂತಲೇ ಅಂದಿದ್ದ, ಪಾಪ. ಅವನ ಆಫೀಸಿಗೆ ಸೇರಿದ ಒಂಬತ್ತು ವರ್ಷದಲ್ಲಿ ಈ ಹೊಗಳಿಕೆಯನ್ನು ಅವಳು ಎಷ್ಟು ಸಲ ಕೇಳಿದ್ದಳೋ, ಪ್ರತಿ ಸಲ ನಕ್ಕಿದ್ದಳು. ಆ ನಗುವಿಗೆ ಏನು ಅರ್ಥ? ಕಾಲು ತುಳಿದವರಿಗೆ ಇರಲಿ ಬಿಡ್ರಿ ಅನ್ನುತ್ತೇವಲ್ಲ, ಅಂಥ ನಗು. ಅವತ್ತೂ ನಕ್ಕು, "ಯಾಡಿಗೆ ಹೇಳ್ತೇನ್ರಿ, ತರ್ತಾಳ" ಅಂದಳು. ಯಾಡಿ ಅಂದರೆ ಅವ್ವ. ಆಫೀಸಿನಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು, ಲೋಕೇಶನಿಗೆ ಅದು ಕೇಳಿಸಿದ್ದೂ ಇಲ್ಲ. ಗೋಡೆಯ ಮೇಲೆ ತಾಂಡಾ ಬೇಡ, ಬಾಗಿಲಲ್ಲಿ ತಾಂಡಾದ ಲಂಗ ಬೇಕು. ಮಾತು ಇಷ್ಟು ಸರಳ. ಇಷ್ಟು ಸರಳವಾದದ್ದು ತನ್ನ ತಲೆಗೆ ಹೋಗಲು ಒಂದು ವಾರ ಬೇಕಾಯಿತೇ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. "ಜೋಯಿಡಾದಿಂದ ಜೀಪ್ ಹತ್ತ್ಯಾಳಂತ. ಕರಕೊಂಡ ಬರ್ತೇನ್ರಿ," ಎಂದು ಹಲಗೆಯಿಂದಿಳಿದು ಚಪ್ಪಲಿ ಮೆಟ್ಟಿದಳು.

ಜೀಪು ನಿಲ್ಲುವ ಬಯಲಿಗೆ ಹಳಿಯ ಗುಂಟ ಹೋಗಬೇಕು. ಪಡುವಣದ ಅಂಗೈಯಗಲ ಅಂದರೆ ಇದೇ ಬಯಲು. ಗೋಡೆಯ ಮೇಲೆ ತಿಳಿಹಸಿರು, ಇಲ್ಲಿ ಜೀಪಿನ ಎಣ್ಣೆ ಕುಡಿದ ಕೆಂಪು ಮಣ್ಣು, ಹರಿದ ಚಿಪ್ಸ್ ಪಾಕೀಟು, ಧಾಬಾದವನ ನಾಯಿ. ಏನಾದರೂ ಉಳಿದಿದೆಯೇ ಎಂದು ಅವಳು ಎಷ್ಟೋ ಸಲ ನೋಡಿದ್ದಳು. ಏನೂ ಇರಲಿಲ್ಲ. ಇರಬೇಕೆಂದು ಏನಿದೆ, ಹೋಗುವವರು ಒಲೆಯ ಕಲ್ಲನ್ನೂ ಬಿಟ್ಟು ಹೋಗುವವರಲ್ಲ. ಹಳಿಯ ಕೆಳಗೆ ಜಲ್ಲಿ ಇತ್ತು. ಜಲ್ಲಿಯನ್ನು ಎಷ್ಟು ಸಲ ಬದಲಿಸಿದ್ದಾರೋ, ಈ ಕಲ್ಲು ಆ ಕಲ್ಲಲ್ಲ, ಸುಮ್ಮನೆ ಅಳುಬುರುಕಿಯ ಹಾಗೆ ಕಲ್ಲು ಮುಟ್ಟಲು ಹೋಗಬೇಡ ಎಂದು ತನಗೆ ಹೇಳಿಕೊಂಡಳು. ಹೇಳಿಕೊಂಡರೂ ಬಗ್ಗಿ ಒಂದು ಕಲ್ಲೆತ್ತಿದಳು, ಬಿಸಿಲಿಗೆ ಕಾದಿತ್ತು, ಅಲ್ಲೇ ಹಾಕಿದಳು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಹಳದಿ ಬೋರ್ಡು ನಿಂತಿತ್ತು: ಕಾತಳಘಾಟ್ ಜಂಕ್ಷನ್. ದಾಂಡೇಲಿ ಕಾಡಿನ ಕಟ್ಟಿಗೆ ತರುತ್ತಿದ್ದ ಕವಲು ಹಳಿಯನ್ನು ಕಿತ್ತೊಯ್ದು ಎಷ್ಟೋ ಕಾಲವಾಗಿದೆ. ಇಲ್ಲಿಂದ ಈಗ ಯಾವ ದಾರಿಯೂ ಕವಲೊಡೆಯುವುದಿಲ್ಲ. ಆದರೂ ಬೋರ್ಡಿಗೆ ಹೋದ ತಿಂಗಳಷ್ಟೇ ಹೊಸ ಬಣ್ಣ ಹೊಡೆದಿದ್ದರು, ಜಂಕ್ಷನ್ ಅನ್ನುವುದನ್ನೂ ಸೇರಿಸಿ. ರೀನಾ ಅದರ ಮುಂದೆ ನಿಂತಳು. ನಗು ಬಂತು. ಈ ಸಲದ ನಗು ಬೇರೆ.

ರೂಪಿಬಾಯಿ ಜೀಪಿನಿಂದ ಮೊದಲು ಗಂಟನ್ನು ಇಳಿಸಿದಳು, ಆಮೇಲೆ ತಾನು ಇಳಿದಳು. ಮಾಸಿದ ದಿನವಹಿ ಫೇಟಿಯಾ, ಅಂದರೆ ಕನ್ನಡಿ ಹಚ್ಚಿದ ಘೇರಿನ ಲಂಗ, ತಲೆ ಮೇಲೆ ಓಢಣಿ. ಇಡೀ ದಾರಿ ನಿಂತೇ ಬಂದೆ ಎಂದು ಡ್ರೈವರನಿಗೆ ಕೇಳುವ ಹಾಗೆ ಎರಡು ಮಾತು ಬೈದಳು. "ಮುಂಜಾನಿ ಕೋಳಿ ಕೂಗೂಕಿನ್ನ ಮೊದಲ ಮನಿ ಬಿಟ್ಟೇನಿ. ಹಳಿಯಾಳದಾಗ ಬಸ್ ತಪ್ತು. ದಾಂಡೇಲ್ಯಾಗ ಚಹಾ ಕುಡದೆ, ಅದೇನ್ ಚಹಾ, ಪಾತ್ರಿ ತೊಳದ ನೀರು!" ಮಾತು ಲಂಬಾಣಿ ಭಾಷೆಯಲ್ಲಿತ್ತು, ದೊಡ್ಡ ದನಿಯಲ್ಲಿತ್ತು. ಧಾಬಾದ ಮುಂದೆ ಕೂತ ಪ್ರವಾಸಿ ಹುಡುಗಿಯರು ತಿರುಗಿ ನೋಡಿದರು, ಒಬ್ಬಳು ಫೋನು ಎತ್ತಿದಳು. ರೀನಾಳ ದನಿ ಅಭ್ಯಾಸದಂತೆ ತಗ್ಗಿತು, ಉತ್ತರ ಅಭ್ಯಾಸದಂತೆ ಕನ್ನಡದಲ್ಲಿ ಬಂತು. ಬಂದದ್ದು ಅವಳಿಗೇ ಕೇಳಿಸಿತು. ಅವ್ವ ಮಗಳ ಮುಖ ನೋಡಿದಳು, ಗಂಟನ್ನು ಕಂಕುಳಿಗೆ ಏರಿಸಿದಳು. ಆ ಗಂಟಿನಲ್ಲಿರುವುದು ಯಾವ ಫೇಟಿಯಾ ಎಂದು ರೀನಾಳಿಗೆ ಗೊತ್ತು. ಅವಳ ಮದುವೆಗೆಂದು ಅವ್ವ ಎರಡು ಮಳೆಗಾಲ ಕೂತು ಹೊಲಿದದ್ದು. ಗಂಡನ ಮನೆಯವರು ನೌಕರಿಯ ಮಂದಿ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಅಂದರು. ಅವಳು ಹುಬ್ಬಳ್ಳಿಯ ಸೀರೆ ಉಟ್ಟಳು. ಈಗ ಅದೇ ಫೋಟೋಕ್ಕಾಗಿ ಗಂಟು ಬಿಚ್ಚಿಕೊಳ್ಳಲಿದೆ. ಅವ್ವನಿಗೆ ಅದರ ಮೇಲೆ ಸಿಟ್ಟಿಲ್ಲ, ಕೊನೆಗೂ ಮಗಳು ಉಡುತ್ತಾಳಲ್ಲ ಅನ್ನುವ ಖುಷಿ. ಆ ಖುಷಿಯನ್ನು ನೋಡುವುದು ಎಲ್ಲಕ್ಕಿಂತ ಕಷ್ಟವಾಗಿತ್ತು.

ಶೆಡ್ಡಿನೊಳಗೆ ಲೋಕೇಶ ಎದುರಿಗೇ ಬಂದ. "ಬರ್ರಿ ಬರ್ರಿ, ಅಜ್ಜಿ! ವಾಹ್. ರೀನಾ, ನಾಳೆ ಅಜ್ಜಿನೂ ನಿಂದ್ರಲಿ ನಿನ್ನ ಬಾಜೂಕ. ಇಬ್ಬರೂ ಇದ್ರ ಅಸಲ್ ಕಾಣತೈತಿ." ಬಸಲಿಂಗಯ್ಯ ಸರ್ ಕುರ್ಚಿಯಿಂದ ಅರ್ಧ ಎದ್ದು ಕೈ ಮುಗಿದರು. ರೂಪಿಬಾಯಿಯೂ ಮುಗಿದಳು, ಆಮೇಲೆ ಗೋಡೆ ನೋಡುತ್ತ ನಿಂತಳು. ಓದಲು ಬಾರದವಳು, ಆದರೆ ಇದು ಓದುವ ಚಿತ್ರವಲ್ಲವಲ್ಲ. ಗುಡ್ಡ ಗುಡ್ಡದ ಹಾಗೇ ಇತ್ತು, ಹಳ್ಳ ಹಳ್ಳದ ಹಾಗೇ ಇತ್ತು. "ಇಷ್ಟೂ ನೀನ ಮಾಡೀಯೇನ?" ಎಂದು ಬಾಯ ಮೇಲೆ ಕೈಯಿಟ್ಟಳು. ಹಳಿಯ ಮೇಲೆ ಬೆರಳಾಡಿಸುತ್ತ, ಸುರಂಗ ಎಣಿಸುತ್ತ, ಸಾಹೇಬರ ಲಾಯದ ಹತ್ತಿರ ಕುದುರೆ ಎಲ್ಲಿ ಎಂದು ನಗುತ್ತ ಗೋಡೆಯ ಉದ್ದಕ್ಕೂ ನಡೆದಳು. ನಡೆದವಳು ತಿರುಗಿದಳು. "ನಮ್ದ ಎಲ್ಲೈತಿ?"

ಮೊದಲ ದಿನ, ಆ ಶೀಟು ಬಿಚ್ಚಿದ ಸಂಜೆ, ರೀನಾಳೇ ಫೋನಿನಲ್ಲಿ ಕುಣಿದುಕೊಂಡು ಹೇಳಿದ್ದಳು: ಯಾಡಿ, ನಮ್ಮ ತಾಂಡಾ ಐತಿ ಇದರಾಗ, ಎರಡು ಕಡೆ ಐತಿ! ಅವ್ವ ಅದನ್ನು ಇಡೀ ತಾಂಡಾಕ್ಕೆ ಹಂಚಿದ್ದಳು. ಅಳಿಸಿದ್ದನ್ನು ಮಾತ್ರ ರೀನಾ ಹೇಳಿರಲಿಲ್ಲ. ಈಗ ಸುಳ್ಳು ಹೇಳಬಹುದಿತ್ತು. ಬಂಗಲೆಯ ಪಕ್ಕದ ಯಾವುದಾದರೂ ಚುಕ್ಕೆ ತೋರಿಸಿ ಇದೇ ನೋಡು ಅಂದಿದ್ದರೆ ಅವ್ವ ನಂಬುತ್ತಿದ್ದಳು, ಆ ಚುಕ್ಕೆಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಅದನ್ನು ನೆನೆಸಿಯೇ ಅವಳಿಗೆ ಹೇಸಿಗೆಯಾಯಿತು. "ಇಲ್ಲಿ ಇತ್ತು. ಮತ್ತ ಅಲ್ಲಿ ಇತ್ತು," ಎಂದು ಎರಡು ಹಸಿರು ಜಾಗಗಳನ್ನು ತೋರಿಸಿದಳು. ಈ ಸಲ ಲಂಬಾಣಿಯಲ್ಲೇ ಮಾತಾಡಿದಳು. "ಖಾಲಿ ಐತೆಲಾ?" ಅಂದಳು ಅವ್ವ. "ನಾನ ಅಳಿಸೇನಿ." "ಯಾಕ?" "ನಮ್ದು ಅಂತ ಹೇಳಾಕ ನಾಚಿಕಿ ಬಂತು."

ರೂಪಿಬಾಯಿ ಬಯ್ಯಬಹುದಿತ್ತು. ಬಾಯಿಗೇನು ಬರ ಅವಳಿಗೆ, ಡ್ರೈವರನಿಗೆ ಬೈದವಳಿಗೆ? ಬಯ್ಯಲಿಲ್ಲ. ಕಂಕುಳಲ್ಲಿದ್ದ ಗಂಟನ್ನು ನೋಡಿದಳು, ಖಾಲಿ ಹಸಿರು ನೋಡಿದಳು, ಮತ್ತೆ ಗಂಟು ನೋಡಿದಳು. "ಯಾರೂ ಇರಲೇ ಇಲ್ಲ ಅಂದ್ರ," ಅಂದಳು, ನಿಜಕ್ಕೂ ತಿಳಿಯದವಳ ಹಾಗೆ, "ಈ ಫೇಟಿಯಾ ಯಾರದು ಅಂತ ತಂದೆ ನಾನು?" ಆಮೇಲೆ ಗೋಡೆಯ ಬುಡದಲ್ಲಿ ಓಢಣಿ ಸರಿ ಮಾಡಿಕೊಂಡು ಕೂತು, ಹಸಿವಾಗಿದೆಯೆಂದು ರೊಟ್ಟಿಯ ಬುತ್ತಿ ಬಿಚ್ಚಿದಳು.

ರೀನಾ ಹಲಗೆ ಹತ್ತಿದಳು. ಈ ಸಲ ಕೈ ನಡುಗಲಿಲ್ಲ. ಬೈಸಿಕೊಂಡದ್ದಕ್ಕೆ ಬುದ್ಧಿ ಬಂತೇನೋ ಕೈಗೆ. ಸಣ್ಣ ಕುಂಚವನ್ನು ಕೆಂಪಿನಲ್ಲಿ ಅದ್ದಿ ಪಡುವಣದಲ್ಲಿ ಮೊದಲ ಗುಡಿಸಲಿನ ಚುಕ್ಕೆ ಇಟ್ಟಳು, ಎರಡನೆಯದಿಟ್ಟಳು. ಶೀಟಿನಲ್ಲಿ ಎಲ್ಲೆಲ್ಲಿ ಇದ್ದವೋ ಅಲ್ಲಲ್ಲೇ, ಮೂರು ವಾರ ಕಣ್ಣು ಮುಚ್ಚಿದಾಗಲೆಲ್ಲ ಕಂಡಿದ್ದರಿಂದ ಶೀಟು ನೋಡುವ ಅಗತ್ಯವೂ ಬೀಳಲಿಲ್ಲ. ಆಮೇಲೆ ಕರಿಯಲ್ಲಿ ಹೆಸರು ಬರೆಯತೊಡಗಿದಳು. 'ತುಳಜಪ್ಪ' ಮುಗಿಯುವಷ್ಟರಲ್ಲಿ ಲೋಕೇಶನ ಫೋನು ಮಾತು ನಿಂತಿತು. "ಏ ರೀನಾ, ಏನಿದು?"

"ತಪ್ಪು ತಿದ್ದಾಕತ್ತೇನ್ರಿ."

"ಯಾರ ತಪ್ಪು?"

"ನಂದು."

ಬಸಲಿಂಗಯ್ಯ ಸರ್ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. "ಸರ್ವೇದವರ ತಪ್ಪು ಅಂತ ಅವತ್ತ ನೀನ ಹೇಳಿದೆಲಾ ತಂಗಿ?"

"ಸುಳ್ಳು ಹೇಳಿದೆ ಸರ್. ನಾಚಿಕಿ ಬಂದಿತ್ತು. ಈಗ ಆ ನಾಚಿಕಿ ಬಂದದ್ದಕ್ಕ ನಾಚಿಕಿ ಬರಾಕತ್ತೇತಿ." ಕುಂಚ ನಿಲ್ಲಿಸದೆ, ಗೋಡೆ ಕಡೆಗೇ ಮುಖ ಮಾಡಿ, ಅವಳು ಎಲ್ಲವನ್ನೂ ಹೇಳಿದಳು. ಎರಡು ಚಳಿಗಾಲದ ಅಳತೆ, ನಡುವಿನ ಹೊಲಿಗೆ, ಸರಿದ ಜಲ್ಲಿ, ನಾಯ್ಕನ ಹೆಸರು ಹೊತ್ತು ನಡೆಯುವ ಪದ್ಧತಿ. ತನ್ನ ದನಿ ಶೆಡ್ಡಿನ ತಗಡಿಗೆ ಬಡಿದು ವಾಪಸು ಬರುವುದು ಕೇಳಿಸುತ್ತಿತ್ತು. ಇಷ್ಟು ಜೋರಾಗಿ ಆಫೀಸಿನವರೆದುರು ಅವಳು ಯಾವತ್ತೂ ಮಾತಾಡಿರಲಿಲ್ಲ, ದನಿ ಪೂರಾ ರೂಪಿಬಾಯಿಯದೇ ಆಗಿತ್ತು. ಬಸಲಿಂಗಯ್ಯ ಸರ್ ಕೊನೆಯವರೆಗೂ ಕೇಳಿದರು. ಕೆಟ್ಟವರಲ್ಲ ಅಂತ ಹೇಳಿದೆನಲ್ಲ. "ನೀ ಹೇಳೂದು ಖರೆ ಇದ್ದೀತು," ಅಂದರು. "ಆದ್ರ ಬಂದವರಿಗೆ ಅದೆಲ್ಲ ಹೆಂಗ ತಿಳೀಬೇಕು? ಒಂದ ಹೆಸರು ಎರಡು ಕಡೆ ನೋಡಿದ್ರ ನಗ್ತಾರ. ಒಂದು ಕೆಲಸ ಮಾಡು, ಒಂದ ಇಡು, ಒಂದ ಬಿಡು. ನಿಂದೂ ಉಳೀತು, ನಮ್ಮದೂ ಉಳೀತು."

ಎಷ್ಟು ಹಿತವಾದ ಮಾತು. ಬೆಳಿಗ್ಗೆ ಈ ಮಾತು ಬಂದಿದ್ದರೆ ಅವಳು ಅವರ ಕಾಲಿಗೇ ಬೀಳುತ್ತಿದ್ದಳೇನೋ. "ಯಾವುದು ಬಿಡ್ಲಿ ಸರ್?" ಎಂದು ಅವಳು ತಿರುಗಿದಳು. "ಮೊದಲನೇ ವರ್ಷ ಕಲ್ಲ ಒಡದವರನ್ನೋ, ಎರಡನೇ ವರ್ಷ ಕಲ್ಲ ಒಡದವರನ್ನೋ? ಹೊರಗ ಬೋರ್ಡ್ ನೋಡ್ರಿ. ಕವಲ ಇಲ್ಲದ ಸ್ಟೇಶನ್ನಿಗೆ ಜಂಕ್ಷನ್ ಅಂತ ಬರದಾರ, ಹೋದ ತಿಂಗಳ ಬಣ್ಣಾನೂ ಹೊಡದಾರ. ಯಾರ ನಕ್ಕಾರು? ರೈಲಿನ ಹೆಸರು ಹಳಿ ಹೋದ್ರೂ ಉಳೀಬೇಕು, ನಮ್ಮ ಹೆಸರು ಮಾತ್ರ ನಾವು ಒಂದ ಕಡೆ ಬೇರು ಬಿಟ್ರಷ್ಟ ಉಳೀಬೇಕೇನ್ರಿ? ನಗೋರು ನಗಲಿ. ನಾ ಇಲ್ಲೇ ನಿಂತು ಹೇಳ್ತೇನಿ ಅವರಿಗೆ, ಒಬ್ಬೊಬ್ಬರಿಗೂ ಹೇಳ್ತೇನಿ."

"ನಾಳೆ ನೀ ಆರತಿ ಹಿಡದು ಬಾಗಿಲಾಗ ಇರಬೇಕು," ಅಂದ ಲೋಕೇಶ. ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಇತ್ತು.

"ಆರತಿ ನಾ ಹಿಡಿಯೂದಿಲ್ರಿ. ಡ್ರೆಸ್ಸು ಉಡ್ತೇನಿ. ಉಟಗೊಂಡು ಈ ಗ್ವಾಡಿ ಮುಂದ ನಿಂದರ್ತೇನಿ."

"ಹಿಂಗ ಮಾಡಿದ್ರ ನಾಳಿಂದ ಆಫೀಸಿಗೆ ಬರಬ್ಯಾಡ ಅಂತ ಹೇಳಬೇಕಾಗತೈತಿ ನೋಡು, ರೀನಾ."

ಅಂದೇಬಿಟ್ಟ. ಇಷ್ಟು ವರ್ಷ ಯಾವ ಮಾತಿಗೆ ಹೆದರಿ ನಕ್ಕೂ ನಕ್ಕೂ ದವಡೆ ನೋಯಿಸಿಕೊಂಡಿದ್ದಳೋ ಆ ಮಾತು ಬಂದು ನೆಲಕ್ಕೆ ಬಿತ್ತು. ಬಿದ್ದ ಮೇಲೆ ನೋಡಿದರೆ ಅಷ್ಟೇನೂ ದೊಡ್ಡದಿರಲಿಲ್ಲ. ದಾಂಡೇಲಿಯಲ್ಲಿ ಮನೆ ಬಾಡಿಗೆ ಇದೆ, ಗಂಡನ ಮನೆಯವರ ಮೋರೆ ಇದೆ, ಎಲ್ಲ ಇದೆ, ಆದರೂ. "ಹೇಳ್ರಿ," ಅಂದಳು. "ಎರಡನೇದೂ ಬರದು ಮುಗಸ್ತೇನಿ, ಆಮ್ಯಾಲ ಹೇಳ್ರಿ." ಹಲಗೆಯಿಂದಿಳಿದು, ಅಟ್ಟಣಿಗೆಯನ್ನು ತಾನೇ ಮೂಡಣಕ್ಕೆ ಎಳೆದಳು. ಅದು ಕಿರ್ರೆಂದು ನೆಲ ಗೀರಿತು. ಜ್ಯೋತಿಬಾ ಬೀಡಿ ಕಿವಿಗೆ ಸಿಕ್ಕಿಸಿ ಇನ್ನೊಂದು ತುದಿ ಹಿಡಿದ. ಮೂಡಣದಲ್ಲಿ ಅವಳು ಅವೇ ಚುಕ್ಕೆ ಇಟ್ಟಳು, ಅದೇ ಹೆಸರು ಬರೆದಳು. ತುಳಜಪ್ಪ ನಾಯ್ಕ ತಾಂಡಾ. ಮೊದಲನೆಯದಕ್ಕಿಂತ ಅಕ್ಷರ ಒಂದು ಕೂದಲೂ ಸಣ್ಣದಾಗಲಿಲ್ಲ.

"ಆತಪಾ, ಎರಡೂ ಆತು," ಅಂದರು ಬಸಲಿಂಗಯ್ಯ ಸರ್, ಬೇಸರಕ್ಕೋ ಕುತೂಹಲಕ್ಕೋ. "ಮತ್ತ ಈಗ ಎಲ್ಲೈತಿ ಅದು? ಕೇಳಿದ್ರ ಏನ ಹೇಳಲಿ ನಾನು?"

ಕುಂಚದಲ್ಲಿ ಇನ್ನೂ ಬಣ್ಣವಿತ್ತು. ನಕ್ಷೆಯ ಮೇಲಿನ ಗೂಡ್ಸ್ ಶೆಡ್ಡು, ಅಂದರೆ ಅವರೆಲ್ಲ ಈಗ ಇದ್ದ ಜಾಗ, ಅವಳ ಕೈಗೆಟಕುವಷ್ಟು ಹತ್ತಿರವಿತ್ತು. ಮೂರನೆಯದನ್ನೂ ಇಲ್ಲೇ ಬರೆದುಬಿಡಲೇ ಅನ್ನಿಸಿತು, ಒಂದು ಗಳಿಗೆ. ಬೇಡ. ಆ ಎರಡು ಚಳಿಗಾಲದಲ್ಲೂ ಇಲ್ಲಿ ಇರದಿದ್ದದ್ದನ್ನು ಇಲ್ಲಿ ಬರೆದರೆ ತಾನು ಅಳಿಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಕುಂಚವನ್ನು ನೀರಿನ ಡಬ್ಬಿಗೆ ಹಾಕಿದಳು. ಉತ್ತರ ಕೆಳಗಿನಿಂದ ಬಂತು. ರೂಪಿಬಾಯಿ ರೊಟ್ಟಿಯ ತುಂಡಿಗೆ ಚಟ್ನಿ ಹಚ್ಚುತ್ತ, ತಲೆಯೆತ್ತದೆ, ಅವರಿಗೆ ತಿಳಿಯಲೆಂದು ಕನ್ನಡದಲ್ಲೇ ಅಂದಳು: "ಇಲ್ಲೇ ಕುಂತೇವಲ್ರೀ ಸಾಹೇಬರ. ಕಾಣವಲ್ದೇನು?"

ಲೋಕೇಶ ಹೊರಗೆ ಹೋಗಿ ಯಾರಿಗೋ ಫೋನು ಹಚ್ಚಿದ. ಬಾಗಿಲಾಚೆ ಅವನ ಬಿಳಿ ಅಂಗಿ ಅತ್ತಿಂದಿತ್ತ ಓಡಾಡುತ್ತಿತ್ತು. ಒಳಗೆ ಬಂದು ಏನು ಹೇಳುತ್ತಾನೋ, ಅಳಿಸು ಅನ್ನುತ್ತಾನೋ. ಅಳಿಸುವುದಾದರೆ ಅವನೇ ಅಳಿಸಲಿ, ಎಲ್ಲರೆದುರು ಅಳಿಸಲಿ. ಅಷ್ಟರೊಳಗೆ ವಾರ್ನಿಶ್ ಬಿದ್ದುಬಿಟ್ಟರೆ ಅದೂ ಆಗದು. "ಜ್ಯೋತಿಬಾ, ಹಚ್ಚು," ಅಂದಳು ರೀನಾ. ಜ್ಯೋತಿಬಾ ಬೆರಳ ತುದಿಯನ್ನು 'ತಾಂಡಾ'ದ ಪಕ್ಕ ಹಿಡಿದು ನೋಡಿ, "ಹಸಿ ಐತ್ರಿ ಮೇಡಮ್. ಈಗ ಹಚ್ಚಿದ್ರ ಹೆಸರು ಕಲಸಿ ಹೊಕ್ಕೈತಿ. ಒಣಗಬೇಕ," ಅಂದ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಗಾಳಿ ಬಿದ್ರ ಲಗೂ ಆದೀತು," ಅಂದ. ಫ್ಯಾನು ನಾಳೆ ಬರಲಿತ್ತು, ದೊಡ್ಡವರ ಜೊತೆಗೆ.

ರೂಪಿಬಾಯಿ ಕೈ ತೊಳೆಯಲಿಲ್ಲ, ಒರೆಸಿಕೊಂಡಳು. ಎದ್ದು ಗಂಟಿನ ನಾಲ್ಕು ತುದಿ ಬಿಚ್ಚಿದಳು. ಮದುವೆಗೆ ಉಡದ ಆ ಫೇಟಿಯಾ ಹೊರಗೆ ಬಂತು, ಕೆಂಪು, ಕಂದು, ಕರಿ, ಎಲ್ಲೆಲ್ಲೂ ಕನ್ನಡಿ, ಹೊಸ ಬಟ್ಟೆಯ ವಾಸನೆ ಇನ್ನೂ ಹೋಗಿರಲಿಲ್ಲ. ಅದರ ಘೇರನ್ನು ಎರಡೂ ಕೈಯಲ್ಲಿ ಹಿಡಿದು, ಕಾಳು ತೂರುವಾಗ ನಿಲ್ಲುವಂತೆ ಕಾಲು ಅಗಲಿಸಿ ನಿಂತು, ಮೂಡಣದ ಹೆಸರಿಗೆ ಗಾಳಿ ಬೀಸತೊಡಗಿದಳು. ಬಾಗಿಲಿಂದ ಬಂದ ಬಿಸಿಲು ಕನ್ನಡಿಗಳಿಗೆ ಬಿದ್ದು ಗುಡ್ಡಗಳ ಮೇಲೆ, ಹಳಿಯ ಮೇಲೆ, ಬಸಲಿಂಗಯ್ಯ ಸರ್ ಅವರ ಬಿಳಿ ಗಡ್ಡದ ಮೇಲೆ ಓಡಾಡಿತು. ಅವರು ಮುಖ ತಿರುಗಿಸಲಿಲ್ಲ. ಹೊರಗೆ ಲೋಕೇಶನ ಮಾತು ಮುಗಿಯಿತು, ಬೂಟಿನ ಸದ್ದು ಬಾಗಿಲ ಕಡೆ ತಿರುಗಿತು. ರೀನಾ ಹಲಗೆಯಿಂದ ಧುಮುಕಿ ಘೇರಿನ ಇನ್ನೊಂದು ತುದಿ ಹಿಡಿದಳು, ಇಡೀ ಶೆಡ್ಡಿಗೆ ಕೇಳುವ ಹಾಗೆ, ಲಂಬಾಣಿಯಲ್ಲಿ ಅಂದಳು: "ಬೀಸು ಯಾಡಿ, ಇನ್ನಷ್ಟು ಜೋರ ಬೀಸು."